ಯಂತ್ರ ತರುವ ಮುನ್ನ ಕಟ್ಟಡದ ಬಿಸಿ ಅಳೆಯಿರಿ

ಬೆಂಗಳೂರಿನ ಗಾಂಧಿನಗರದ ನಮ್ಮ ಕಾಂಪ್ಲೆಕ್ಸಿನ ಅಂಗಡಿ ಮತ್ತು ಕಚೇರಿ ಮಾಲೀಕರ ಸಂಘದ ಎಲ್ಲ ಸದಸ್ಯರಿಗೆ, ಏಸಿ ಪ್ಲಾಂಟಿನ ಆಪರೇಟರ್ ಬರೆಯುವುದು.

ಮುಂದಿನ ತಿಂಗಳ ವಾರ್ಷಿಕ ಸಭೆಯಲ್ಲಿ ಸೆಂಟ್ರಲ್ ಏಸಿಯ ವಿಷಯ ತೀರ್ಮಾನವಾಗುತ್ತದೆ ಎಂದು ನೋಟಿಸ್ ಬೋರ್ಡಿನಲ್ಲಿ ಓದಿದೆ. ನಾನು ಸಂಘದ ಸದಸ್ಯನಲ್ಲ, ಸಭೆಯಲ್ಲಿ ಕೂತು ಮಾತಾಡುವ ಹಾಗಿಲ್ಲ. ಆದರೆ ಆ ಯಂತ್ರದ ಜೊತೆ 24 ವರ್ಷ ಕಳೆದಿದ್ದೇನೆ, ಈ ಡಿಸೆಂಬರಿಗೆ ನಿವೃತ್ತನಾಗುತ್ತೇನೆ. ಗೊತ್ತಿರುವುದನ್ನು ಹೇಳದೆ ಹೊರಟರೆ ತಿಂದ ಅನ್ನಕ್ಕೆ ದ್ರೋಹ ಮಾಡಿದಂತಾಗುತ್ತದೆ. ಅದಕ್ಕೇ ಈ ಪತ್ರ. ಬಾಡಿಗೆಗೆ ಇರುವವರೂ ಕೆಲಸಕ್ಕೆ ಬರುವ ಹುಡುಗ ಹುಡುಗಿಯರೂ ಓದಲಿ ಎಂದು ಪ್ರತಿ ಮಹಡಿಯ ಬೋರ್ಡಿಗೂ ಒಂದೊಂದು ಪ್ರತಿ ಹಚ್ಚುತ್ತಿದ್ದೇನೆ. ದಿನವಿಡೀ ಆ ಗಾಳಿ ಉಸಿರಾಡುವವರು ಅವರೇ.

ನಮ್ಮ ನೆಲಮಾಳಿಗೆಯಲ್ಲಿ ನೀರು ತಣಿಸಿ ಮಹಡಿಗಳಿಗೆ ಕಳಿಸುವ ತಲಾ 60 ಟನ್ನಿನ ಎರಡು ಚಿಲ್ಲರ್‌ಗಳಿವೆ, 1996ರಲ್ಲಿ ಕೂರಿಸಿದ್ದು. ಟನ್ ಎಂದರೆ ಯಂತ್ರದ ತೂಕ ಎಂದು ನಿಮ್ಮಲ್ಲಿ ಕೆಲವರು ತಿಳಿದಿದ್ದೀರಿ. ಹಾಗಲ್ಲ. ಸುಮಾರು 907 ಕೆಜಿ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ, ದಿನಕ್ಕೆ ಅಷ್ಟು ಶಾಖವನ್ನು ಎತ್ತಿ ಹೊರಗೆ ಹಾಕುವ ಶಕ್ತಿಗೆ ಒಂದು ಟನ್ ಎನ್ನುತ್ತಾರೆ. ನಮ್ಮ ಎರಡೂ ಯಂತ್ರ ಸೇರಿದರೆ ದಿನಕ್ಕೆ ಒಂದು ಲಕ್ಷ ಕೆಜಿಗೂ ಮಿಕ್ಕಿ ಐಸ್ ಕರಗಿಸಿದಷ್ಟು ಕೆಲಸ. ಮೂವತ್ತು ವರ್ಷ ಅವು ಆ ಕೆಲಸ ಮಾಡಿಕೊಟ್ಟಿವೆ. ಅವನ್ನು ದೂರುವ ಮನಸ್ಸು ನನಗಿಲ್ಲ.

ಆದರೆ ಲಾಗ್ ಬುಕ್ ಸುಳ್ಳು ಹೇಳುವುದಿಲ್ಲ. ಗಂಟೆಗೊಂದು ಸಲ ಪ್ರೆಶರ್, ಆಯಿಲ್, ಆಂಪಿಯರ್, ನೀರು ಹೋಗುವ ಬರುವ ಡಿಗ್ರಿ ಎಲ್ಲ ಬರೆಯುತ್ತೇವೆ. ಹಳೆಯ ಪುಸ್ತಕಗಳನ್ನು ನಾನು ರದ್ದಿಗೆ ಹಾಕಿಲ್ಲ. 2003ರ ಏಪ್ರಿಲ್ ತಿಂಗಳ ಮಧ್ಯಾಹ್ನದ ಸಾಲುಗಳಲ್ಲಿ ಹೆಡ್ ಪ್ರೆಶರ್ (ಕಂಪ್ರೆಸರ್ ಗ್ಯಾಸನ್ನು ಒತ್ತಿ ಕಳಿಸುವ ಒತ್ತಡ) 210 ಪಿಎಸ್‌ಐ, ಯಂತ್ರದಿಂದ ಹೊರಡುವ ತಣ್ಣೀರು 7 ಡಿಗ್ರಿ. ಈ ವರ್ಷದ ಏಪ್ರಿಲ್‌ನಲ್ಲಿ ಅದೇ ಹೊತ್ತಿಗೆ ಹೆಡ್ ಪ್ರೆಶರ್ 255, 260. ನೀರು 10 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಕಾರಣ ಯಂತ್ರದ ಶಾಖವನ್ನು ನೀರಿಗೆ ಬಿಡುವ ಕಂಡೆನ್ಸರಿನ ಒಳಗಿದೆ. ಬೋರ್‌ವೆಲ್ಲಿನ ಗಡಸು ನೀರು ಟ್ಯೂಬುಗಳ ಒಳಮೈಗೆ ಸುಣ್ಣ ಕಟ್ಟುತ್ತದೆ, ನಾವು ವರ್ಷಕ್ಕೊಮ್ಮೆ ಆಸಿಡ್ ಹಾಕಿ ತೊಳೆಯುತ್ತೇವೆ, ಪ್ರತಿ ತೊಳೆತಕ್ಕೂ ತಾಮ್ರ ಒಂದಿಷ್ಟು ಸವೆಯುತ್ತದೆ. ಸವೆದು ತೂತಾದ ಟ್ಯೂಬಿಗೆ ಎರಡೂ ಕಡೆ ಹಿತ್ತಾಳೆ ಬಿರಡೆ ಹೊಡೆದು ಮುಚ್ಚುತ್ತೇವೆ. ಒಂದನೇ ಯಂತ್ರದಲ್ಲಿ ಈಗ ಹಾಗೆ ಮುಚ್ಚಿದವು 14. ಟ್ಯೂಬು ಕಡಿಮೆಯಾದಷ್ಟೂ ಶಾಖ ಹೊರಗೆ ಹೋಗುವ ದಾರಿ ಕಿರಿದಾಗುತ್ತದೆ, ಕಂಪ್ರೆಸರ್ ಏದುಸಿರು ಬಿಡುತ್ತದೆ, ಮೀಟರ್ ಓಡುತ್ತದೆ.

ಇನ್ನೊಂದು ವರ್ಷ ರಿಪೇರಿಯಲ್ಲೇ ತಳ್ಳೋಣ ಎನ್ನುವವರಿಗೆ ಗ್ಯಾಸಿನ ವಿಷಯ ಹೇಳಬೇಕು. ಈ ಯಂತ್ರಗಳಲ್ಲಿರುವುದು ಆರ್-22. ಓಝೋನ್ ಪದರಕ್ಕೆ ಹಾನಿ ಮಾಡುವ ಅನಿಲಗಳನ್ನು ಬಿಡಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದಕ್ಕೆ ನಮ್ಮ ದೇಶವೂ 1992ರಲ್ಲಿ ಸೇರಿತು. ಅದರಂತೆ ಆರ್-22ರ ಬಳಕೆಯನ್ನು ಹಂತಹಂತವಾಗಿ ಇಳಿಸುತ್ತ ಬಂದಿದ್ದಾರೆ. 2024ರ ಕೊನೆಗೆ ಹೊಸ ಯಂತ್ರಗಳ ತಯಾರಿಕೆಯಲ್ಲಿ ಅದು ನಿಂತಿತು. 2030ಕ್ಕೆ, ಹಳೆಯ ಯಂತ್ರಗಳ ಸರ್ವಿಸಿಗೆಂದು ಉಳಿಸುವ ಸಣ್ಣ ಪಾಲು ಬಿಟ್ಟರೆ, ಮಿಕ್ಕದ್ದೆಲ್ಲ ನಿಲ್ಲಬೇಕು. ಕಳೆದ ಬೇಸಿಗೆಯಲ್ಲಿ ನಾವು ಎರಡು ಸಲ ಸೇರಿ 40 ಕೆಜಿ ಗ್ಯಾಸ್ ತುಂಬಿಸಿದೆವು. ತುಂಬಿಸಿದೆವು ಎಂದರೆ ಅಷ್ಟು ಸೋರಿಹೋಗಿತ್ತು ಎಂದೇ ಅರ್ಥ. ಆರ್-22ರ ಒಂದು ಕೆಜಿ ಭೂಮಿಯನ್ನು ಬಿಸಿ ಮಾಡುವುದು ಸುಮಾರು 1,800 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು. 40 ಕೆಜಿಗೆ 72 ಟನ್ ಆಯಿತು. ನಾವು ತಂಪಾಗಿರಲೆಂದು ಊರ ಮೇಲಿನ ಆಕಾಶಕ್ಕೆ ಬಿಟ್ಟದ್ದು ಅಷ್ಟು. ರಾತ್ರಿ ಸೋಪಿನ ನೊರೆ ಹಚ್ಚಿ ಸೋರುವ ಜಾಗ ಹುಡುಕುತ್ತ ಕೂತಾಗ ಈ ಲೆಕ್ಕ ತಲೆಗೆ ಬರುತ್ತದೆ.

ಬೇರೆ ಗ್ಯಾಸ್ ತುಂಬಿಸಿ ಇದೇ ಯಂತ್ರ ಓಡಿಸಬಹುದು ಎಂದು ಒಬ್ಬ ಏಜೆನ್ಸಿಯವರು ಹೇಳಿಹೋಗಿದ್ದಾರಂತೆ. ಹಳೆಯ ಎಣ್ಣೆಯನ್ನು ಪೂರ್ತಿ ತೊಳೆದು ಬೇರೆ ಜಾತಿಯ ಎಣ್ಣೆ ಹಾಕಬೇಕು, ಸೀಲುಗಳನ್ನು ಬದಲಿಸಬೇಕು. ಇಷ್ಟಾದರೂ ಯಂತ್ರದ ಶಕ್ತಿ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಮೂವತ್ತು ವರ್ಷದ ಯಂತ್ರಕ್ಕೆ ಆ ದುಡ್ಡು ಹಾಕುವುದು ಬೇಡ.

ಹಾಗಾದರೆ ಸೆಂಟ್ರಲ್ ಏಸಿಯೇ ಬೇಡ, ಅವರವರ ಅಂಗಡಿಗೆ ಅವರವರೇ ಸ್ಪ್ಲಿಟ್ ಹಾಕಿಕೊಳ್ಳೋಣ ಎಂಬ ಮಾತು ಎರಡನೇ ಮಹಡಿಯಲ್ಲಿ ಜೋರಾಗಿದೆ. ಹಾಗೆ ಹೇಳುವವರ ಸಂಕಟ ನನಗೆ ಅರ್ಥವಾಗುತ್ತದೆ. ತಿಂಗಳು ತಿಂಗಳು ಚದರಡಿ ಲೆಕ್ಕದಲ್ಲಿ ದುಡ್ಡು ಕಟ್ಟಿ, ಮಧ್ಯಾಹ್ನ ಮೂರಕ್ಕೆ ಬೆವರು ಒರೆಸಿಕೊಳ್ಳುವ ಸ್ಥಿತಿ ಯಾರಿಗೆ ಬೇಕು? ಆದರೆ ಈಗಾಗಲೇ ಹನ್ನೊಂದು ಜನ ಸ್ಪ್ಲಿಟ್ ಹಾಕಿಸಿದ್ದೀರಲ್ಲ, ಅವುಗಳ ಔಟ್‌ಡೋರ್ ಯೂನಿಟ್‌ಗಳೆಲ್ಲ ಎಲ್ಲಿವೆ? ಕಟ್ಟಡದ ನಡುವಿನ ಬೆಳಕಿಂಡಿಯ ಗೋಡೆಗಳ ಮೇಲೆ. ಮೇ ತಿಂಗಳ ಒಂದು ಮಧ್ಯಾಹ್ನ ನಾನು ಥರ್ಮಾಮೀಟರಿಗೆ ದಾರ ಕಟ್ಟಿ ಟೆರೇಸಿನಿಂದ ಒಳಗೆ ಇಳಿಬಿಟ್ಟೆ. ರಸ್ತೆಯಲ್ಲಿ 35 ಡಿಗ್ರಿ ಇದ್ದಾಗ ನಾಲ್ಕನೇ ಮಹಡಿಯ ಮಟ್ಟದಲ್ಲಿ 44 ತೋರಿಸಿತು. ಕೆಳಗಿನವರ ಯೂನಿಟ್ ಉಗುಳಿದ ಬಿಸಿಯನ್ನೇ ಮೇಲಿನವರ ಯೂನಿಟ್ ಎಳೆದುಕೊಳ್ಳುತ್ತದೆ. ಹೆಣಗಿ ಹೆಣಗಿ ಕೊನೆಗೆ ಟ್ರಿಪ್ ಆಗುತ್ತದೆ. ನಾಲ್ಕನೇ ಮಹಡಿಯ ಲೆಕ್ಕಪರಿಶೋಧಕರ ಕಚೇರಿಯಿಂದ ವಾರಕ್ಕೆರಡು ದೂರು ಬರುವುದು ಅವರ ಏಸಿಯ ಗ್ರಹಚಾರದಿಂದಲ್ಲ, ಅವರ ಕೆಳಗಿರುವ ಹತ್ತು ಏಸಿಗಳಿಂದ. ಹನ್ನೊಂದಕ್ಕೇ ಹೀಗಾದರೆ ಅರವತ್ತಾದಾಗ?

ಸ್ಪ್ಲಿಟ್ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ ಎಂಬುದನ್ನೂ ಮರೆಯಬೇಡಿ. ಕೋಣೆಯ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಣಿಸುತ್ತದೆ. ಮಲಗುವ ಕೋಣೆಯಲ್ಲಿ ಇಬ್ಬರಿಗೆ ಅದು ನಡೆಯಬಹುದು. ಇಪ್ಪತ್ತು ಜನ ಎಂಟು ಗಂಟೆ ಕೂರುವ ಜಾಗಕ್ಕೆ ಅದು ಸಾಲದು.

ಈ ಗಾಳಿಯ ವಿಷಯದಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಪ್ರತಿ ಮಹಡಿಯಲ್ಲೂ ಲಿಫ್ಟಿನ ಪಕ್ಕ ಎಎಚ್‌ಯು ಕೋಣೆ ಇದೆ, ತಣ್ಣೀರಿನ ಕಾಯಿಲ್ ಮೇಲೆ ಗಾಳಿ ಹಾಯಿಸಿ ಡಕ್ಟಿಗೆ ತಳ್ಳುವ ದೊಡ್ಡ ಪೆಟ್ಟಿಗೆ ಇರುವ ಕೋಣೆ. ಅದರ ಹೊರಗೋಡೆಯಲ್ಲಿ ಹೊಸ ಗಾಳಿ ಬರಲೆಂದು ಕಟ್ಟಡ ಕಟ್ಟಿದವರು ಜಾಲರಿಯ ಕಿಂಡಿ ಇಟ್ಟಿದ್ದರು. 2009ರ ಸುಮಾರಿಗೆ ಕರೆಂಟ್ ಬಿಲ್ ಇಳಿಸಬೇಕೆಂದು ಆಗಿನ ಸಮಿತಿ ಹೇಳಿದಾಗ ಆ ಐದೂ ಕಿಂಡಿಗಳಿಗೆ ಪ್ಲೈವುಡ್ ಹೊಡೆದವನು ನಾನು. ಬಿಲ್ ತುಸು ಇಳಿಯಿತು. ಅಂದಿನಿಂದ ಮಧ್ಯಾಹ್ನವಾಗುತ್ತಲೇ ತಲೆ ಭಾರ, ಕಣ್ಣುರಿ, ಆಕಳಿಕೆ ಎಂದು ಹೇಳುವವರು ಹೆಚ್ಚಾದರು. ನಾನದನ್ನು ಆಗ ಕೂಡಿಸಿ ನೋಡಲಿಲ್ಲ. 2020ರಲ್ಲಿ ಕೊರೋನಾ ಬಂದು, ಏಸಿ ಇರುವ ಕಡೆ ಹೊರಗಿನ ಗಾಳಿ ಬಿಡಿ ಎಂದು ತಿಳಿದವರೆಲ್ಲ ಹೇಳತೊಡಗಿದಾಗ ಮೂರನೇ ಮಹಡಿಯ ಪ್ಲೈವುಡ್ ಕಿತ್ತೆ. ಅದರ ಹಿಂದೆ ಗೇಣುದ್ದದ ಧೂಳು, ಪಾರಿವಾಳದ ಗೂಡು. ತೊಳೆದು, ಜಾಲರಿ ಬದಲಿಸಿ, ಕಿಂಡಿ ತೆರೆದು ಬಿಟ್ಟೆ. ಆ ವರ್ಷದ ಡಿಸೆಂಬರಿನಲ್ಲಿ ಬೆಳಗ್ಗೆ ಹನ್ನೊಂದರವರೆಗೆ ಮೂರನೇ ಮಹಡಿಗೆ ತಣ್ಣೀರೇ ಬೇಕಾಗಲಿಲ್ಲ. ಬರೀ ಫ್ಯಾನ್ ಸಾಕಾಯಿತು.

ನಮ್ಮೂರಿನ ದೊಡ್ಡ ಆಸ್ತಿ ಈ ತಂಪು ಗಾಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಕಟ್ಟಡಕ್ಕೆ ಬಿಸಿ ಮಾಡುವ ಯಂತ್ರ ಬೇಕಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಬೆಳಗಿನ ಗಾಳಿ 20 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ, ಮಳೆಗಾಲದ ಎಷ್ಟೋ ದಿನ ಮಧ್ಯಾಹ್ನವೂ ಸೆಕೆ ಇರುವುದಿಲ್ಲ. ಇಂಥ ಊರಿನಲ್ಲಿ ಕೂತು, ಹೊರಗೆ ತಣ್ಣನೆಯ ಗಾಳಿ ಬೀಸುತ್ತಿರುವಾಗ ಕಿಂಡಿ ಮುಚ್ಚಿ ಒಳಗೆ ಚಿಲ್ಲರ್ ಓಡಿಸುತ್ತಿದ್ದೇವೆ. ಹೊಸ ವ್ಯವಸ್ಥೆಯಲ್ಲಿ ಮೊದಲು ಕೇಳಬೇಕಾದದ್ದು ಇದು: ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಿದ್ದಾಗ ಕಿಂಡಿ ತಾನಾಗಿ ತೆರೆಯಬೇಕು, ಯಂತ್ರ ತಾನಾಗಿ ವಿಶ್ರಾಂತಿಗೆ ಹೋಗಬೇಕು. ಜೊತೆಗೆ ಒಳ್ಳೆಯ ಫಿಲ್ಟರ್ ಬೇಕೇಬೇಕು, ಗಾಂಧಿನಗರದ ಹೊಗೆ ನಿಮಗೆ ಗೊತ್ತೇ ಇದೆ. ಬೇಸಿಗೆ ಮಾತ್ರ ಮೊದಲಿನಂತಿಲ್ಲ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಯಿತು. ಆದ್ದರಿಂದ ಯಂತ್ರವೇ ಬೇಡ ಎಂದು ನಾನು ಹೇಳಲಾರೆ.

ಆದರೆ ಎಷ್ಟು ಟನ್? ಬಂದ ಮೂರು ಕೊಟೇಶನ್ನಿನಲ್ಲೂ 120 ಟನ್ ಎಂದೇ ಬರೆದಿದೆ. ಮೂವರಲ್ಲಿ ಒಬ್ಬರೂ ಮಹಡಿ ಹತ್ತಿ ನೋಡಲಿಲ್ಲ. ಹಳೆಯ ಯಂತ್ರದ ಮೇಲಿನ ಫಲಕ ಓದಿಕೊಂಡು ಹೋದರು. 1996ರಲ್ಲಿ ಈ ಲೆಕ್ಕ ಹಾಕಿದಾಗ ಕಟ್ಟಡದೊಳಗೆ ಏನಿತ್ತು? ಉದ್ದಕ್ಕೂ 40 ವಾಟಿನ ಟ್ಯೂಬ್‌ಲೈಟು, ಅದರ ಚೋಕಿಗೆ ಇನ್ನೂ ಹತ್ತು ಹದಿನೈದು ವಾಟು. ಸೀರೆ ಅಂಗಡಿಯ ಸೀಲಿಂಗಿನಲ್ಲಿ ಸಾಲು ಸಾಲಾಗಿ 50 ವಾಟಿನ ಹ್ಯಾಲೊಜನ್. ಕಚೇರಿಗಳಲ್ಲಿ ಡಬ್ಬಿಯಂಥ ಕಂಪ್ಯೂಟರ್ ಮಾನಿಟರು. ಅವೆಲ್ಲ ಸಣ್ಣ ಸಣ್ಣ ಒಲೆಗಳೇ. ಈಗ ಎಲ್ಲ ಕಡೆ ಎಲ್‌ಇಡಿ ಬಂದಿದೆ, ಹ್ಯಾಲೊಜನ್ ಇದ್ದಲ್ಲಿ 7 ವಾಟಿನ ದೀಪವಿದೆ. ಒಲೆಗಳು ಆರಿವೆ, ಅಡುಗೆಮನೆಯ ಲೆಕ್ಕ ಮಾತ್ರ ಹಳೆಯದೇ ನಡೆಯುತ್ತಿದೆ. ಇನ್ನೊಂದು ಕಡೆ ಮೂರನೇ ಮಹಡಿಯ ಗೋದಾಮು ಕೋಚಿಂಗ್ ತರಗತಿಯಾಗಿದೆ. ಒಬ್ಬೊಬ್ಬರ ಮೈಯಿಂದ ನೂರು ವಾಟಿಗೂ ಮಿಕ್ಕಿ ಶಾಖ ಬರುತ್ತದೆ, 60 ಮಕ್ಕಳು ಕೂತರೆ ಅದೇ ಎರಡು ಟನ್. ಪಶ್ಚಿಮದ ಗಾಜಿನ ಮುಖಕ್ಕೆ ನಾಲ್ಕು ಗಂಟೆಯ ಬಿಸಿಲು ನೇರ ಬೀಳುತ್ತದೆ. ಟೆರೇಸಿನ ಚಪ್ಪಡಿ ಬಿಸಿಲಿಗೆ ಕಾದು ನಾಲ್ಕನೇ ಮಹಡಿಯ ನೆತ್ತಿ ಸುಡುತ್ತದೆ.

ಇದನ್ನೆಲ್ಲ ಕೋಣೆ ಕೋಣೆ ಹೊಕ್ಕು ಅಳೆಯುವುದಕ್ಕೆ ಹೀಟ್ ಲೋಡ್ ಲೆಕ್ಕ ಎನ್ನುತ್ತಾರೆ. ಯಂತ್ರ ಮಾರದ ಒಬ್ಬ ಕನ್ಸಲ್ಟೆಂಟ್ ಎಂಜಿನಿಯರಿಗೆ ದುಡ್ಡು ಕೊಟ್ಟು ಮಾಡಿಸಿ. ಟೆರೇಸಿಗೆ ಬಿಳಿಯ ಶಾಖರೋಧಕ ಬಣ್ಣ, ಪಶ್ಚಿಮದ ಗಾಜಿಗೆ ಹೊರಗಡೆ ನೆರಳು ಮೊದಲು ಆಗಲಿ. ಆಮೇಲೆ ಎಷ್ಟು ಟನ್ ಬೇಕೆಂದು ನೋಡಿ. ನಾನು ಬಾಡಿಗೆಗೆ ಒಂದು ಫ್ಲೋ ಮೀಟರ್ ತಂದು ಅಳೆದಾಗ ನಾವು ದಿನದ ಸರಾಸರಿಯಲ್ಲಿ ಎಳೆಯುತ್ತಿದ್ದದ್ದು ಸುಮಾರು 80 ಟನ್. ಉರಿಬಿಸಿಲ ದಿನಗಳಿಗೆ ಇನ್ನಷ್ಟು ಬೇಕು, ನಿಜ. ಆದರೂ 120ಕ್ಕೆ ದುಡ್ಡು ಕೊಡುವ ಮುನ್ನ ಒಮ್ಮೆ ಅಳೆಯುವುದು ತಪ್ಪೇ? ದೊಡ್ಡದೊಂದರ ಬದಲು ಸಣ್ಣ ಮೂರು ಯಂತ್ರ ಇದ್ದರೆ ಭಾನುವಾರ ನೆಲಮಹಡಿ ಮಾತ್ರ ತೆರೆದಾಗ ಒಂದನ್ನಷ್ಟೇ ಓಡಿಸಬಹುದು, ಒಂದು ಕೈಕೊಟ್ಟರೆ ಎರಡು ಇರುತ್ತವೆ.

ಕರೆಂಟಿನ ಉಳಿತಾಯದ ಲೆಕ್ಕವನ್ನು ನೀವೇ ಹಾಕಿ ನೋಡಿ. ನಮ್ಮ ಚಿಲ್ಲರ್ ಒಂದು ಟನ್ನಿಗೆ ಈಗ 1.2 ಕಿಲೋವಾಟ್ ತಿನ್ನುತ್ತಿದೆ. ನೀರಿನಿಂದ ತಣಿಯುವ ಹೊಸ ಸ್ಕ್ರೂ ಯಂತ್ರಗಳು 0.7ಕ್ಕೆ, ಒಳ್ಳೆಯವು ಅದಕ್ಕೂ ಕಡಿಮೆಗೆ ಅದೇ ಕೆಲಸ ಮಾಡುತ್ತವೆ. ಅರ್ಧ ಕಿಲೋವಾಟ್ ವ್ಯತ್ಯಾಸ. 80 ಟನ್, ಹತ್ತು ಗಂಟೆ: ದಿನಕ್ಕೆ 400 ಯೂನಿಟ್. 300 ದಿನಕ್ಕೆ 1,20,000 ಯೂನಿಟ್. ಇದು ಚಿಲ್ಲರಿನ ಲೆಕ್ಕ ಮಾತ್ರ. ಪಂಪು, ಫ್ಯಾನುಗಳಿಗೆ ವೇಗ ತಗ್ಗಿಸುವ ಡ್ರೈವ್ ಹಾಕಿದರೆ ಇನ್ನೂ ಇದೆ, ಏಕೆಂದರೆ ಫ್ಯಾನಿನ ವೇಗ ನೂರರಿಂದ ಎಂಬತ್ತಕ್ಕೆ ಇಳಿದರೆ ಅದು ಎಳೆಯುವ ಕರೆಂಟ್ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ನೀರಿನ ಪ್ರಶ್ನೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಟೆರೇಸಿನ ಕೂಲಿಂಗ್ ಟವರ್ ಶಾಖವನ್ನು ನೀರಿನ ಆವಿಯಾಗಿ ಬಿಡುತ್ತದೆ. ನಮ್ಮ ಲೋಡಿಗೆ ದಿನಕ್ಕೆ ಆರು ಸಾವಿರ ಲೀಟರಿಗೂ ಮೇಲೆ ಬೇಕು, ಎಂದರೆ ಒಂದು ಟ್ಯಾಂಕರ್. 2024ರ ಮಾರ್ಚಿನಲ್ಲಿ ಜಲಮಂಡಳಿ ಕಾರು ತೊಳೆಯಲು, ಗಿಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಾಗ ನಾವು ಪಟ್ಟ ಪಾಡು ಮರೆತಿಲ್ಲ. ಗಾಳಿಯಿಂದ ತಣಿಯುವ ಚಿಲ್ಲರ್‌ಗೆ ನೀರು ಬೇಡ, ಆದರೆ ಅದು ಕರೆಂಟ್ ಹೆಚ್ಚು ತಿನ್ನುತ್ತದೆ. ನನ್ನ ಮಾತು ಇಷ್ಟು: ಜಲಮಂಡಳಿಯ ಸಂಸ್ಕರಿಸಿದ ನೀರು ವರ್ಷವಿಡೀ ಸಿಗುವ ವ್ಯವಸ್ಥೆ ಆಗುವುದಾದರೆ, ಅದಕ್ಕೆ ತಕ್ಕ ಶುದ್ಧೀಕರಣ ಘಟಕದ ಸಮೇತ ನೀರಿನ ಯಂತ್ರವೇ ಬರಲಿ. ಆಗದಿದ್ದರೆ ಗಾಳಿಯ ಯಂತ್ರ ಸಾಕು. ಬೋರ್‌ವೆಲ್ ನೀರನ್ನೂ ಕುಡಿಯುವ ನೀರನ್ನೂ ಇನ್ನು ಮುಂದೆ ಟವರಿಗೆ ಸುರಿಯುವುದು ಸರಿಯಲ್ಲ.

ಹೊಸ ಯಂತ್ರದ ಗ್ಯಾಸ್ ಯಾವುದು ಎಂದೂ ಕೇಳಿ. ಓಝೋನಿಗೆ ತೊಂದರೆ ಇಲ್ಲದ, ಆದರೆ ಭೂಮಿಯನ್ನು ಬಿಸಿ ಮಾಡುವ ಗ್ಯಾಸುಗಳನ್ನೂ ಇಳಿಸಲು 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದವಾಗಿದೆ. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು. 2032ರಿಂದ ಕಡಿತ ಶುರುವಾಗಿ, 2047ಕ್ಕೆ ಶೇ 85ರಷ್ಟು ಇಳಿಯಬೇಕು. ಈಗ ತರುವ ಯಂತ್ರ ಇಪ್ಪತ್ತು ವರ್ಷ ಬಾಳಿದರೆ ಆ ದಿನಗಳನ್ನು ನೋಡಿಯೇ ನೋಡುತ್ತದೆ. ಇಂದು ಅಗ್ಗ ಎಂದು ಹಳೆಯ ಗ್ಯಾಸಿನ ಯಂತ್ರ ತಂದರೆ, ನನ್ನಂಥ ಇನ್ನೊಬ್ಬ ಇಂಥದೇ ಪತ್ರ ಬರೆಯಬೇಕಾಗುತ್ತದೆ. ಹಳೆಯದನ್ನು ಬಿಚ್ಚುವಾಗ ಅದರಲ್ಲಿರುವ ಆರ್-22 ಅನ್ನು ಗಾಳಿಗೆ ಬಿಡಲು ಯಾರಿಗೂ ಅವಕಾಶ ಕೊಡಬೇಡಿ. ಪೈಪು ಕತ್ತರಿಸಿ ಬುಸ್ ಎಂದು ಬಿಟ್ಟು, ತಾಮ್ರ ತೂಕಕ್ಕೆ ಹಾಕಿ ಹೋಗುವವರಿದ್ದಾರೆ. ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆದು, ತೂಕ ಬರೆದು, ರಸೀದಿ ಕೊಡಬೇಕೆಂದು ಕರಾರಿನಲ್ಲೇ ಹಾಕಿ.

ಬಿಚ್ಚುವ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ಶಾಫ್ಟ್. ತಣ್ಣೀರಿನ ಪೈಪುಗಳು ನೆಲಮಾಳಿಗೆಯಿಂದ ಟೆರೇಸಿನವರೆಗೆ ಹೋಗುವ ಆ ಹಾದಿಯಲ್ಲಿ ಥರ್ಮೊಕೋಲು ಸುತ್ತಿ ಡಾಂಬರು ಬಳಿದಿದ್ದಾರೆ, ಆ ಕಾಲದ ಪದ್ಧತಿ. ಎರಡೂ ಬೆಂಕಿ ಹತ್ತುವ ವಸ್ತುಗಳೇ. ಪ್ರತಿ ಮಹಡಿಯ ಚಪ್ಪಡಿಯಲ್ಲೂ ಪೈಪಿನ ಸುತ್ತ ಕೈ ತೂರುವಷ್ಟು ಜಾಗ ಹಾಗೇ ಬಿಟ್ಟಿದೆ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ತೀರಿಕೊಂಡದ್ದು ಈ ಊರಿನವರಿಗೆ ನೆನಪಿದೆ. ಅಲ್ಲಿ ವಿದ್ಯುತ್ ಶಾಫ್ಟಿನ ಮೂಲಕ ಹೊಗೆ ಮೇಲಿನ ಮಹಡಿಗಳನ್ನು ತುಂಬಿತ್ತು. ಹೊಸ ಪೈಪು ಎಳೆಯುವಾಗ ಆ ತೂತುಗಳನ್ನೆಲ್ಲ ಬೆಂಕಿ ತಡೆಯುವ ಮಸಾಲೆಯಿಂದ ಮುಚ್ಚಿಸಿ. ಡಕ್ಟು ಗೋಡೆ ದಾಟುವಲ್ಲಿ, ಬೆಂಕಿ ಬಿದ್ದಾಗ ತಾನಾಗಿ ಮುಚ್ಚುವ ಫೈರ್ ಡ್ಯಾಂಪರ್ ಹಾಕಿಸಿ. ಯಂತ್ರದ ಬೆಲೆಯಲ್ಲಿ ಚೌಕಾಸಿ ಮಾಡಿ, ಇದರಲ್ಲಿ ಮಾಡಬೇಡಿ.

ಚದರಡಿ ಲೆಕ್ಕದ ಬಿಲ್ ನಿಲ್ಲಿಸಿ. ನೆಲಮಹಡಿಯ ಬಾಗಿಲುಗಳು ದಿನವಿಡೀ ರಸ್ತೆಗೆ ತೆರೆದಿರುವುದು ಅದರಿಂದಲೇ. ಮುಚ್ಚಿದರೂ ಅಷ್ಟೇ, ತೆರೆದರೂ ಅಷ್ಟೇ. ಯಾರು ಎಷ್ಟು ತಂಪು ಬಳಸಿದರೆಂದು ತಣ್ಣೀರಿನ ಕವಲಿನಲ್ಲೇ ಅಳೆಯುವ ಮೀಟರ್ ಇದೆ. ಅದನ್ನು ಹಾಕಿಸಿದರೆ ಎರಡನೇ ಮಹಡಿಯವರ ದೂರಿಗೂ ನ್ಯಾಯ ಸಿಗುತ್ತದೆ.

ಕಾಲ ಮುಖ್ಯ. ಆರ್ಡರ್ ಕೊಟ್ಟ ಮೇಲೆ ಯಂತ್ರ ಬರಲು ವಾರಗಟ್ಟಲೆ ಬೇಕು. ಹಳೆಯದನ್ನು ಹೊರತೆಗೆಯುವುದೂ ಸುಲಭವಲ್ಲ. ಅದನ್ನು ಇಳಿಸಿದ ಮೇಲೆ ರ‍್ಯಾಂಪಿನ ಪಕ್ಕದ ಗೋಡೆ ಕಟ್ಟಿದ್ದಾರೆ, ಆ ಗೋಡೆ ಒಡೆಯಬೇಕು. ಟೆರೇಸಿನಲ್ಲಿ ಏನೇ ಇಟ್ಟರೂ ಚಪ್ಪಡಿ ತಡೆಯುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಈ ಸಭೆಯಲ್ಲಿ ಒಪ್ಪಿಗೆ ಸಿಕ್ಕರೆ ಅಳತೆ, ಟೆಂಡರ್ ಮುಗಿದು ಡಿಸೆಂಬರ್ ಜನವರಿಯ ಚಳಿಯಲ್ಲಿ ಒಂದೊಂದೇ ಯಂತ್ರ ಬದಲಿಸಬಹುದು. ಯಾರ ವ್ಯಾಪಾರವೂ ನಿಲ್ಲುವುದಿಲ್ಲ. ಮುಂದೂಡಿದರೆ ಯಂತ್ರ ತಾನೇ ದಿನ ಗೊತ್ತು ಮಾಡುತ್ತದೆ, ಆ ದಿನ ಏಪ್ರಿಲ್ ತಿಂಗಳಲ್ಲಿ ಇರುತ್ತದೆ.

ಕೊನೆಯದಾಗಿ ಎರಡು ಕೋರಿಕೆ. ನನ್ನ ಕೈಕೆಳಗೆ ಇಬ್ಬರು ಹುಡುಗರಿದ್ದಾರೆ, ಇಬ್ಬರೂ ಐಟಿಐ ಮುಗಿಸಿದವರು. ಹೊಸ ಯಂತ್ರ ಬಂದಾಗ ಕಂಪನಿಯವರು ಅವರಿಗೇ ತರಬೇತಿ ಕೊಡಬೇಕೆಂದು ಕರಾರು ಮಾಡಿಕೊಳ್ಳಿ. ಕೆಲಸದಿಂದ ಅವರನ್ನು ಬಿಡಿಸಬೇಡಿ. ಎಷ್ಟೇ ಒಳ್ಳೆಯ ಯಂತ್ರವೂ ನೋಡಿಕೊಳ್ಳುವವರಿಲ್ಲದೆ ಐದು ವರ್ಷಕ್ಕೆ ಮುದಿಯಾಗುತ್ತದೆ.

ಇನ್ನೊಂದು: ಸಭೆಗೆ ಮೊದಲು ನಿಮ್ಮಲ್ಲಿ ಪ್ರತಿಯೊಬ್ಬರೂ ಒಮ್ಮೆ ಪ್ಲಾಂಟ್ ರೂಮಿಗೆ ಇಳಿದು ಬನ್ನಿ. ಮಧ್ಯಾಹ್ನ ಮೂರರ ಹೊತ್ತಿಗೆ ಬನ್ನಿ, ಯಂತ್ರ ಹೆಣಗುವುದು ಆಗ ಕೇಳಿಸುತ್ತದೆ. 2002ರಿಂದ ಇಲ್ಲಿಯವರೆಗಿನ ಲಾಗ್ ಬುಕ್ಕುಗಳನ್ನು ವರ್ಷದ ಪ್ರಕಾರ ಮೇಜಿನ ಮೇಲೆ ಜೋಡಿಸಿ ಇಟ್ಟಿರುತ್ತೇನೆ. ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ನಾನು ಅಲ್ಲೇ ಇರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಪ್ಲಾಂಟ್ ಆಪರೇಟರ್, ನೆಲಮಾಳಿಗೆ